ಅದಲುಬದಲಾದ ಅಳತೆಗಳು

ಲಾವಣ್ಯಾಳ ಮನೆ ಮುಂಬಯಿಯ ಸಯನ್‌ನಲ್ಲಿ, ಅವಳು ಪಿಎಚ್.ಡಿ. ಮಾಡುತ್ತಿದ್ದ ಪ್ರಯೋಗಾಲಯ ಬೈಕುಲ್ಲಾದಲ್ಲಿ. ವಿಷಯ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಏಡಿಗಳು. ಎರಡು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ಓಡಾಡಿ ಇಪ್ಪತ್ಮೂರು ಜಾತಿಯ ಏಡಿಗಳನ್ನು ಹಿಡಿದಿದ್ದಳು. ಜೊತೆಗಿದ್ದವನು ಪ್ರಯೋಗಾಲಯದ ಸಹಾಯಕ ನಿಂಗಣ್ಣ. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆಂದು ಮುಂಬಯಿಗೆ ಬಂದು ಇಲ್ಲಿ ನೆಲೆಯಾದವನು, ಐವತ್ತು ದಾಟಿದವನು. ಒಂದೊಂದು ಏಡಿಯ ಚಿಪ್ಪಿನ ಅಗಲವನ್ನೂ ಅವನೇ ಅಳೆದು ಹೇಳಿದ್ದ, ಅವಳು ಬರೆದುಕೊಂಡಿದ್ದಳು.

ಈಗ ಉಳಿದಿದ್ದದ್ದು ಕಂಪ್ಯೂಟರ್ ಕೆಲಸ. ಯಾವ ಏಡಿಗೆ ಯಾವುದು ಹತ್ತಿರದ ಸಂಬಂಧಿ ಎಂದು ತೋರಿಸುವ ವಂಶವೃಕ್ಷ ಒಂದು ಕಡೆ, ಅಳತೆಗಳ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಕೊಟ್ಟರೆ, ಆ ವೃಕ್ಷದ ಮೇಲೆ ಅಂಥ ಅಳತೆಗಳು ಮೂಡುವ ಸಂಭವ ಎಷ್ಟೆಂದು ಪ್ರೋಗ್ರಾಂ ಲೆಕ್ಕ ಹಾಕಿ, ಗಾತ್ರ ವಂಶದಿಂದ ಬಂದದ್ದೇ ಅಲ್ಲವೇ ಎಂದು ಹೇಳುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಉತ್ತರ ಬಂತು. ಏಡಿಗಳ ಗಾತ್ರಕ್ಕೂ ಅವುಗಳ ವಂಶಕ್ಕೂ ಸಂಬಂಧವೇ ಇಲ್ಲ. ಯಾರೂ ನಿರೀಕ್ಷಿಸದ ಫಲಿತಾಂಶ. ಖುಷಿಯಿಂದ ಮಾರ್ಗದರ್ಶಕಿ ರಂಜನಾ ಅವರಿಗೆ ಮೇಲ್ ಕಳಿಸಿ, ಸೋಮವಾರದ ಸಭೆಗೆಂದು ಚಿತ್ರ ಮಾಡಲು ಕೂತಳು. ವೃಕ್ಷದ ಪ್ರತಿ ತುದಿಗೂ ಏಡಿಯ ಒಂದು ಫೋಟೊ, ಪಕ್ಕದಲ್ಲಿ ಪ್ರೋಗ್ರಾಂ ಜೋಡಿಸಿದ ಅಳತೆ.

ಏಡಿಗಳನ್ನು ಕಾಪಿಟ್ಟಿದ್ದ ಬಾಟಲಿಗಳಿಗೆ ಸ್ಪಿರಿಟ್ ತುಂಬಲು ಬಂದ ನಿಂಗಣ್ಣ ಅವಳ ಹಿಂದೆ ನಿಂತು ಪರದೆ ನೋಡಿದ.

"ಮೇಡಮ್, ಈ ಕೆಂಪ ಏಡಿ ಇಷ್ಟ ದೊಡ್ಡದಿಲ್ರಿ."

"ಪ್ರೋಗ್ರಾಂ ಹಾಗೇ ತೋರಿಸ್ತಾ ಉಂಟಲ್ಲ, ನಿಂಗಣ್ಣ. ಒಂಬತ್ತು ಸೆಂಟಿಮೀಟರ್."

"ಇಲ್ರಿ. ಇದು ನನ್ನ ಹೆಬ್ಬೆರಳಿನಷ್ಟ ಐತಿ. ನಾನೇ ಅಳದೀನಿ. ಒಂಬತ್ತು ಅಂದ್ರ ಆ ಕರೇದು, ನನ್ನ ಕೈ ಕಚ್ಚಿತ್ತಲ್ರಿ, ಅದು."

ಅವನು ಕಪಾಟಿನಿಂದ ಎರಡೂ ಬಾಟಲಿ ತಂದು ಮೇಜಿನ ಮೇಲಿಟ್ಟ. ಅವನ ಮಾತು ಸರಿಯಾಗಿತ್ತು.

ಲಾವಣ್ಯಾ ಪಟ್ಟಿಯನ್ನೂ ವೃಕ್ಷವನ್ನೂ ಅಕ್ಕಪಕ್ಕ ತೆರೆದು ನೋಡಿದಳು. ಪಟ್ಟಿಯಲ್ಲಿ ಹೆಸರುಗಳು ಅಕಾರಾದಿಯಲ್ಲಿದ್ದವು, ವೃಕ್ಷದ ತುದಿಗಳಲ್ಲಿ ಬೇರೆಯೇ ಕ್ರಮದಲ್ಲಿ. ಪ್ರೋಗ್ರಾಂ ಹೆಸರು ನೋಡಿರಲಿಲ್ಲ. ಮೊದಲ ಅಳತೆಯನ್ನು ಮೊದಲ ತುದಿಗೆ, ಎರಡನೆಯದನ್ನು ಎರಡನೆಯದಕ್ಕೆ ಅಂಟಿಸಿ, ಒಂದು ದೋಷವನ್ನೂ ತೋರಿಸದೆ ಉತ್ತರ ಕೊಟ್ಟಿತ್ತು.

ಹೆಸರಿಗೆ ಹೆಸರು ಹೊಂದಿಸಲು ಕೂತಳು. ನಿಂಗಣ್ಣ ಸ್ಟೂಲ್ ಎಳೆದುಕೊಂಡು ಒಂದೊಂದೇ ಫೋಟೊ ನೋಡಿ "ಹೌದ್ರಿ" ಎಂದ. ಇಪ್ಪತ್ತೆರಡು ಸರಿಹೋದವು. ಒಂದು ಮಾತ್ರ ಉಳಿಯಿತು. ವೃಕ್ಷದಲ್ಲಿ ಅದರ ಹಳೆಯ ಶಾಸ್ತ್ರೀಯ ಹೆಸರಿತ್ತು, ಪಟ್ಟಿಯಲ್ಲಿ ಹೊಸದು. ಎರಡೂ ಒಂದೇ ಏಡಿಯೆಂದು ಪುಸ್ತಕ ನೋಡಿ ಖಾತ್ರಿ ಮಾಡಿಕೊಂಡು ತಿದ್ದಿದಳು.

ಮತ್ತೆ ಲೆಕ್ಕ ಹಾಕಿದಾಗ ಹತ್ತಿರದ ಸಂಬಂಧಿಗಳು ಗಾತ್ರದಲ್ಲೂ ಹತ್ತಿರವೇ ಇದ್ದವು. ಅಚ್ಚರಿಯೇನೂ ಇಲ್ಲದ, ಸರಿಯಾದ ಉತ್ತರ.

ಅಂಜುತ್ತಲೇ ರಂಜನಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅವರು ಮೇಲ್ ಅನ್ನು ತಾನಿನ್ನೂ ಯಾರಿಗೂ ಕಳಿಸಿಲ್ಲ ಎಂದರು. ತಪ್ಪು ಹಿಡಿದವರು ಯಾರೆಂದು ಕೇಳಿದರು. ಲಾವಣ್ಯಾ ಹೇಳಿದಳು. ಹಾಗಾದರೆ ಈ ಸಂಶೋಧನೆಯ ಲೇಖನದಲ್ಲಿ ಲೇಖಕರಾಗಿ ಅವರ ಹೆಸರೂ ನಮ್ಮ ಜೊತೆಗೇ ಬರಲಿ, ಅಳೆದವರೂ ಅವರೇ ತಾನೇ ಎಂದರು ರಂಜನಾ.

"ನಿಂಗಣ್ಣ, ನೀವು ಇವತ್ತು ಬಾರದಿದ್ದರೆ ನಾನು ಎಲ್ಲರೆದುರು ಸುಳ್ಳು ಹೇಳಿಬಿಡ್ತಿದ್ದೆ," ಎಂದಳು ಲಾವಣ್ಯಾ. ಕಾಗದವೊಂದನ್ನು ಅವನ ಮುಂದಿಟ್ಟಳು. "ಪೂರ್ತಿ ಹೆಸರು ಬರೆದುಕೊಡಿ. ಲೇಖನಕ್ಕೆ ಬೇಕು."

ನಿಂಗಣ್ಣ ಕೈ ಒರೆಸಿಕೊಂಡು ಪೆನ್ನು ಹಿಡಿದ. "ನಮ್ಮಪ್ಪನ ಹೆಸರೂ ಹಾಕಬಹುದೇನ್ರಿ?"

"ಹಾಕಿ."

ನಿಂಗಣ್ಣ ಶಿವಪುತ್ರಪ್ಪ ಎಂದು ಅವನು ದುಂಡಗೆ ಬರೆದ.