ಕೈ ಕಿವಿಗೆ ಮುಟ್ಟುವವರೆಗೆ

ಬೇರೆ ತಾಯಂದಿರು ಮಕ್ಕಳು ಬೆಳೆದರೆ ಹಿಗ್ಗುತ್ತಾರೆ. ಬೇಗೂರಿನ ಶಾಂತಮಲ್ಲಮ್ಮ ಮಾತ್ರ ಮಗ ಪುಟ್ಟಬಸಪ್ಪನ ಅಂಗಿಯ ತೋಳು ಗಿಡ್ಡವಾದಾಗಲೆಲ್ಲ ಅದನ್ನು ಎಳೆದೆಳೆದು ಉದ್ದ ಮಾಡಲು ನೋಡುತ್ತಿದ್ದಳು.

ಸಂಸಾರ ಮುರಿದದ್ದಕ್ಕೆ ತಪ್ಪು ಅವಳದೇ ಎನ್ನುತ್ತಿದ್ದರು ಊರಿನವರು. ಎಲುಬಿಲ್ಲದ ನಾಲಗೆ, ಹೇಗೆ ಬೇಕಾದರೂ ಹೊರಳುತ್ತದೆ. ಉಡಿಗಾಲದ ವೃಷಭೇಂದ್ರಪ್ಪನ ಜೊತೆ ಅವಳು ಬಾಳಿದ್ದು ಎರಡು ವರ್ಷವೂ ಇಲ್ಲ. ಅವನು ಹೊಡೆದವನಲ್ಲ, ಬೈದವನಲ್ಲ. ಅವನ ಮನಸ್ಸು ಮದುವೆಗೆ ಮುಂಚಿನಿಂದಲೂ ಕುದೇರಿನ ಸೋದರತ್ತೆಯ ಮಗಳ ಮೇಲಿತ್ತು, ಅಷ್ಟೇ. ಬಾಣಂತನಕ್ಕೆ ತವರಿಗೆ ಬಂದವಳನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಕೊನೆಗೆ ಬಂದದ್ದು ಪಂಚಾಯ್ತಿ.

ಮಠದ ಗುರುಮಲ್ಲಯ್ಯನವರು ನಡುವೆ ಕೂತು ಬಿಡುಗಡೆ ಮಾಡಿಸಿದರು. ಒಡವೆ ಗಂಡನ ಮನೆಗೆ ಎಂದಾಯಿತು. ಮಗು ಗಂಡಾದ್ದರಿಂದ ಅದೂ ಅಲ್ಲಿಗೇ. ಮೊಲೆ ಕುಡಿಯುವ ಕೂಸನ್ನು ಹೇಗೆ ಕೊಡಲಿ ಎಂದು ಇವಳು ಅತ್ತಳು. ಹಾಗಾದರೆ ಸ್ಕೂಲಿಗೆ ಸೇರುವವರೆಗೆ ಇಟ್ಟುಕೋ ಎಂದರು. ಹುಟ್ಟಿದ ತಾರೀಖು ಯಾರು ಬರೆದಿಟ್ಟಿದ್ದರು? ಮೇಷ್ಟ್ರು ಮಕ್ಕಳನ್ನು ಸೇರಿಸಿಕೊಳ್ಳುವ ಲೆಕ್ಕವೇ ಇಲ್ಲಿಗೂ ಆಯಿತು. ಬಲಗೈ ನೆತ್ತಿಯ ಮೇಲಿಂದ ಬಂದು ಎಡಗಿವಿ ಮುಟ್ಟಿದಾಗ ಮಗು ಅಪ್ಪನದು.

ಅವಳು ಮಡಿಲಲ್ಲಿದ್ದ ಕೂಸನ್ನು ನೋಡಿದಳು. ಅದರ ಕೈ ನೆತ್ತಿಗೂ ಎಟುಕುತ್ತಿರಲಿಲ್ಲ. ಈ ಚೋಟುದ್ದದ ಕೈ ಯಾವ ಕಾಲಕ್ಕೆ ಇಷ್ಟು ದೊಡ್ಡ ತಲೆಯನ್ನು ದಾಟೀತು ಎನ್ನಿಸಿತು. ಒಪ್ಪಿ ಹೆಬ್ಬೆಟ್ಟು ಒತ್ತಿದಳು. ಆ ವಯಸ್ಸಿಗೆ ಇನ್ನೆಷ್ಟು ತಿಳಿವಳಿಕೆ ಇದ್ದೀತು!

ಈಗ ಆ ಕೈ ಬೆಳೆದಿತ್ತು. ಉಗಾದಿ ಕಳೆದ ಮೇಲೆ ಅವ್ವ ದೊಡ್ಡಮಲ್ಲಮ್ಮನನ್ನು ಕರೆದುಕೊಂಡು ಚಾಮರಾಜನಗರದ ವಕೀಲರೊಬ್ಬರ ಮೆಟ್ಟಿಲು ಹತ್ತಿದಳು. ಕಾನೂನು ಹೊಸದಾಗಿ ಬಂದಿದೆ, ಒಡವೆ ನಿನ್ನದೇ, ಜೀವನಾಂಶವನ್ನೂ ಕೇಳಬಹುದು ಎಂದರು ಅವರು. ಐದು ತುಂಬಿದ ಮೇಲೆ ತಂದೆಯ ಹಕ್ಕು ದೊಡ್ಡದು, ಆದರೂ ಮಗುವಿನ ಹಿತ ಎಲ್ಲಿದೆ ಎಂದು ಕೋರ್ಟು ನೋಡುತ್ತದೆ, ಪಂಚಾಯ್ತಿಯ ಕಿವಿ ಲೆಕ್ಕಕ್ಕೆ ಅಲ್ಲಿ ಬೆಲೆಯಿಲ್ಲ. ಆದರೆ ಮೈಸೂರಿನ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಲು ಕಾಯುವಾಗ ಅವ್ವ, "ಬುಟ್ಬುಡವ್ವ, ನಮ್ ಕೈಲಾಗೋ ಕೆಲ್ಸ ಅಲ್ಲ ಇದು" ಎಂದಳು. ಶಾಂತಮಲ್ಲಮ್ಮನಿಗೂ ಹಾಗೇ ಅನ್ನಿಸಿತ್ತು. ಕಂಡವರ ಹೊಲದ ಕಳೆ ಕಿತ್ತು, ಅತ್ತಿಗೆ ಪಾತ್ರೆ ಕುಕ್ಕುವ ಸದ್ದು ಕೇಳಿ ಕೇಳಿ, ಅವಳು ಸೋತುಹೋಗಿದ್ದಳು. ಉಡಿಗಾಲದವರು ಬರುತ್ತಾರೆಂದು ಸುದ್ದಿ ಬಂದಾಗ ಮಗನ ಅಂಗಿಗಳನ್ನು ಒಗೆದು ಮಡಿಸಿ ಬಾಗಿಲ ಬಳಿ ಇಟ್ಟಳು.

ಸ್ಕೂಲು ಶುರುವಾಗುವ ಹೊತ್ತಿಗೆ ಬಂದರು. ವೃಷಭೇಂದ್ರಪ್ಪ ಸೊರಗಿದ್ದ. ಆಮೇಲೆ ಕಟ್ಟಿಕೊಂಡ ಕುದೇರಿನವಳಿಗೆ ಮಕ್ಕಳಾಗಿರಲಿಲ್ಲ. ಕೈಯಲ್ಲೊಂದು ಬತ್ತಾಸಿನ ಪೊಟ್ಟಣ ಹಿಡಿದು, ತಲೆ ಎತ್ತದೆ ಜಗಲಿಯ ತುದಿಯಲ್ಲಿ ಕೂತ. ಶಾಂತಮಲ್ಲಮ್ಮ ಇಷ್ಟು ವರ್ಷ ಅವನಿಗೆಂದೇ ಕಾಪಾಡಿಕೊಂಡಿದ್ದ ಸಿಟ್ಟು ಈಗ ಏಳುವುದಕ್ಕೂ ಬೇಸರಪಟ್ಟಿತು.

ಗುರುಮಲ್ಲಯ್ಯನವರು ಹುಡುಗನನ್ನು ಕರೆದು ಕಿವಿ ಮುಟ್ಟಲು ಹೇಳಿದರು. ಕಿವಿಗೆ ಎಟುಕದ ಹಾಗೆ ಕೈ ಮಡಚಿಕೋ ಮಗ ಎಂದು ಹಿಂದಿನ ದಿನ ಹೇಳಿಕೊಡಬೇಕೆಂದಿದ್ದಳು ಶಾಂತಮಲ್ಲಮ್ಮ. ಪಕ್ಕದ ಮನೆ ಮಕ್ಕಳ ಜೊತೆ ಅವನು ಎಟುಕಿಸಿ ಎಟುಕಿಸಿ ನೋಡುವುದನ್ನು ಕಂಡಿದ್ದವಳಿಗೆ ಸೋತು ಬಾ ಎನ್ನಲು ಬಾಯಿ ಬರಲಿಲ್ಲ. ಹುಡುಗ ಕತ್ತು ನೆಟ್ಟಗೆ ಮಾಡಿ ಕೈ ಎತ್ತಿದ. ಬೆರಳು ಕಿವಿಯ ಅಂಚನ್ನು ಹಿಡಿದೇಬಿಟ್ಟಿತು. ವೃಷಭೇಂದ್ರಪ್ಪನ ಮುಖ ಅರಳಿತು.

ಹುಡುಗ ಅವನತ್ತ ನೋಡಲಿಲ್ಲ. ಕಿವಿ ಬಿಡದೆ ತಾಯಿಯ ಹತ್ತಿರ ಓಡಿಬಂದ. "ಅವ್ವ, ಮುಟ್ತು. ಇಸ್ಕೂಲಿಗೆ ಓಗನ?"

ಅವನು ಎಟುಕಿಸುತ್ತಿದ್ದದ್ದು ಇದಕ್ಕೆ. ಬೇರೆ ಏನೂ ಅವನಿಗೆ ಯಾರೂ ಹೇಳಿರಲಿಲ್ಲ. ಶಾಂತಮಲ್ಲಮ್ಮ ಬಾಗಿಲ ಬಳಿಯಿದ್ದ ಅಂಗಿಗಳನ್ನು ನೋಡಿದಳು. ಒಂದನ್ನು ತೆಗೆದು ಮಗನಿಗೆ ತೊಡಿಸಿ ಗುಂಡಿ ಹಾಕಿದಳು.

"ಓಗನ ಬಾ" ಎಂದಳು.

ಕೊಟ್ಟ ಮಾತು ಏನಾಯಿತು ಎಂದು ಗುರುಮಲ್ಲಯ್ಯನವರು ಗದರಿಸಿದರು.

"ಕೊಟ್ಟಿದ್ದು ದಿಟ ಬುದ್ದಿ. ಆಗ ಅವನ ಕೈ ಇಷ್ಟೇ ಇತ್ತು, ನಂಗೂ ಅಷ್ಟೇ ತಿಳ್ದಿತ್ತು. ಬೇಕಾದ್ರೆ ಕೋರ್ಟಿಗೆ ಆಕ್ಲಿ. ಕರ‍್ದಾಗೆಲ್ಲ ಬತ್ತೀನಿ. ಒಡ್ವೇನೂ ಅಲ್ಲೇ ಕೇಳ್ತೀನಿ."

ದನಿ ಏರಿಸಲಿಲ್ಲ, ಏರಿಸುವ ತ್ರಾಣವೂ ಇರಲಿಲ್ಲ. ವೃಷಭೇಂದ್ರಪ್ಪ ಮಗನತ್ತ ಪೊಟ್ಟಣ ಚಾಚಿದ. ಹುಡುಗ ತಾಯಿಯ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆ ಇಸಿದುಕೊಂಡ.

ರಸ್ತೆಗೆ ಬಂದಾಗ ಮೈಸೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಇನ್ನು ಎಷ್ಟು ಸಲ ಅದನ್ನು ಹತ್ತಬೇಕೋ ಎಂದು ನೆನೆದೇ ಅವಳ ಕಾಲು ನೋಯತೊಡಗಿತು. ಮೇಷ್ಟ್ರು ನೋಡುವಾಗ ಎಟುಕದೆ ಹೋದರೆ ಎಂಬ ಹೆದರಿಕೆಗೆ ಮಗ ದಾರಿಯುದ್ದಕ್ಕೂ ಕಿವಿ ಹಿಡಿದುಕೊಂಡೇ ನಡೆದ.