ಹನ್ನೊಂದು ಐವತ್ತು

ನನ್ನ ಮಾವ ರಾಮಸ್ವಾಮಿ ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗುವವರಲ್ಲ. ನಾನೇ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುತ್ತೇನೆ ಅಂದಾಗ, ಅದಕ್ಕೂ ಮುಹೂರ್ತ ಇಡುತ್ತಾರೆಂದು ನನಗೆ ಹೊಳೆಯಬೇಕಿತ್ತು.

ಮುಹೂರ್ತದ ಜೊತೆ ಷರತ್ತೂ ಬಂತು. ನಾನು ಮಕ್ಕಳ ಪಾಠಗಳಿಗೆ ಆನಿಮೇಷನ್ ಮಾಡುವವಳು. ಕಂಪನಿಯವರು ಆಫೀಸ್ ಮುಚ್ಚಿ, ಇನ್ನು ನಿಮ್ಮ ಕಂಪ್ಯೂಟರಿನಲ್ಲೇ ಮಾಡಿಕೊಡಿ ಎಂದಿದ್ದರು. ಮನೆಯಲ್ಲಿ ಕೂತು ಬೊಂಬೆ ಕುಣಿಸುವುದು ಮಾವನ ಪ್ರಕಾರ ಕೆಲಸವೇ ಅಲ್ಲ. ಚಿಕ್ಕಪೇಟೆಯಲ್ಲಿ ಅವರ ತಮ್ಮನ ಸೀರೆ ಅಂಗಡಿಗೆ ನಂಬಿಕಸ್ಥ ಹೆಂಗಸೊಬ್ಬಳು ಬೇಕಿತ್ತು.

"ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ನೀನು ಜೋಡಿಸಿದ್ದು ಆನ್ ಆದ್ರೆ ಮನೇಲೇ ಕೆಲಸ ಮಾಡಮ್ಮ. ಇಲ್ಲಾಂದ್ರೆ ದೇವರಿಗೇ ಇಷ್ಟ ಇಲ್ಲ ಅಂತ ಅರ್ಥ. ಗುರುವಾರದಿಂದ ಅಂಗಡಿಗೆ ಹೊರಡು."

ನನ್ನ ಗಂಡ ವಸಿಷ್ಠ ತಲೆಯಾಡಿಸಿದ. ಅಪ್ಪನ ಮುಂದೆ ಆ ತಲೆ ಅಡ್ಡಡ್ಡ ಆಡಿದ್ದನ್ನು ನಾನು ನೋಡಿಲ್ಲ.

ನಾನೂ ಕಮ್ಮಿಯಿಲ್ಲ. "ಒತ್ತಿದ ತಕ್ಷಣ ಬರುತ್ತೆ ಮಾವ" ಎಂದು ಜಂಭ ಕೊಚ್ಚಿಕೊಂಡೆ. ಮೊದಲೇ ಆನ್ ಮಾಡಿ ನೋಡುವುದಿಲ್ಲ ಎಂದು ಮಾತನ್ನೂ ಕೊಟ್ಟೆ. ನನ್ನಂಥ ದಡ್ಡಿ ಇಡೀ ಚಾಮರಾಜಪೇಟೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಬುಧವಾರ ವಸಿಷ್ಠ ಆಫೀಸಿಗೆ ಹೋಗಿದ್ದ. ಅತ್ತೆ ಗೋದಾ ಕಂಪ್ಯೂಟರಿನ ಪೆಟ್ಟಿಗೆಗೆ ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ನಿಂಬೆಹಣ್ಣು ಇಡೋಣವೆಂದರೆ ಚಕ್ರವೇ ಇಲ್ಲವಲ್ಲ ಎಂದು ನಕ್ಕರು. ಹನ್ನೊಂದೂ ಮುಕ್ಕಾಲಿಗೆ ಸರಿಯಾಗಿ ಮಾವ ಗುಂಡಿ ಒತ್ತಿದರು. ಒಳಗೆ ಫ್ಯಾನುಗಳು ತಿರುಗಿದವು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಪೆಟ್ಟಿಗೆಯ ಗಾಜಿನಾಚೆ ಒಂದು ಹಳದಿ ದೀಪ ಉರಿಯುತ್ತಿತ್ತು.

ಐದು ನಿಮಿಷ ಕಳೆಯಿತು. ಕೈಪಿಡಿ ತೆಗೆದು ಓದಿದೆ. ಹೊಸ ಕಂಪ್ಯೂಟರ್ ಮೊದಲ ಸಲ ತನ್ನ ಮೆಮೊರಿಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತದಂತೆ. ಹದಿನೈದು ನಿಮಿಷ, ಇನ್ನೂ ಜಾಸ್ತಿ ಹಿಡಿಯಬಹುದಂತೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಪರೀಕ್ಷೆ ಮುಗಿಯುವವರೆಗೂ ಹಳದಿ ದೀಪ ಉರಿಯುತ್ತದೆ. ಮೆಮೊರಿ ಕೆಟ್ಟುಹೋಗಿದ್ದರೂ ಅದೇ ಹಳದಿ ದೀಪ! ಇದನ್ನು ಬರೆದ ಪುಣ್ಯಾತ್ಮನನ್ನು ತಂದು ನನ್ನ ಮಾವನ ಎದುರು ಕೂರಿಸಬೇಕಿತ್ತು.

ಮುಟ್ಟುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ.

ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಮಾವ ಎದ್ದರು. "ಆಫ್ ಮಾಡಿ ಇನ್ನೊಂದ್ಸಲ ಒತ್ತೋಣ. ಟೈಮ್ ಮೀರ್ತಿದೆ."

ನಾನು ಓಡಿ ಗೋಡೆಯ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ. "ಮುಟ್ಬೇಡಿ ಮಾವ."

"ರಾಹುಕಾಲದಲ್ಲಿ ಶುರುವಾಗಬಾರ್ದು ಧೃತಿ. ಜರುಗು."

ಜರುಗಲಿಲ್ಲ. ಆರು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು. ಸೊಸೆಯನ್ನು ತಳ್ಳುವವರಲ್ಲ ಅವರು. ಅಷ್ಟೇ ನನಗಿದ್ದ ಧೈರ್ಯ. ಗಡಿಯಾರ ಹನ್ನೆರಡು ಹೊಡೆಯಿತು. ಗೋಡೆಗೆ ಅಂಟಿಕೊಂಡ ನಾನು ಆ ಕಪ್ಪು ಪರದೆಯನ್ನೇ ನೋಡುತ್ತಿದ್ದೆ.

ಹನ್ನೆರಡೂ ನಾಲ್ಕಕ್ಕೆ ಪರದೆ ಬೆಳಗಿತು. ನನಗೆ ಅಳು ಬಂದುಬಿಟ್ಟಿತು.

ಮಾವ ಗಡಿಯಾರ ನೋಡಿದರು. "ನಾಲ್ಕು ನಿಮಿಷ" ಎಂದವರೇ ತಮ್ಮನಿಗೆ ಫೋನ್ ಹಚ್ಚಿದರು.

"ನೀವು ಒತ್ತಿದ್ದು ಹನ್ನೊಂದೂ ಮುಕ್ಕಾಲಿಗೆ ಮಾವ!"

"ಮಗು ಹುಟ್ಟಿದ ಹೊತ್ತು ಬರೀತಾರಮ್ಮ. ನೋವು ಶುರುವಾದ ಹೊತ್ತನ್ನಲ್ಲ."

ಜಾರಿದ್ದ ಸೇವಂತಿಗೆಯನ್ನು ಅತ್ತೆ ಸರಿಮಾಡುತ್ತಿದ್ದರು. ತಲೆಯೆತ್ತದೆ ಕೇಳಿದರು: "ಏನ್ರೀ, ನಮ್ಮ ವಸಿಷ್ಠ ಹುಟ್ಟಿದ್ದು ಎಷ್ಟು ಹೊತ್ತಿಗೆ?"

"ಹನ್ನೊಂದು ಐವತ್ತು. ಯಾಕೆ?"

"ಹನ್ನೆರಡೂ ಹತ್ತಕ್ಕೆ. ಅವತ್ತೂ ಬುಧವಾರ. ನೀವು, ನಿಮ್ಮಪ್ಪ ಇಬ್ರೂ ವಾಚ್ ನೋಡ್ಕೊಂಡು ಬಾಗಿಲಲ್ಲೇ ನಿಂತಿದ್ರಿ. ನಾನು ನರ್ಸ್ ಕೈ ಹಿಡ್ಕೊಂಡು ಅತ್ಬಿಟ್ಟೆ, ಹೊರಗಡೆ ಹನ್ನೊಂದು ಐವತ್ತು ಅಂತ ಹೇಳಮ್ಮ ಅಂದೆ. ಮೂವತ್ತಾರು ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ಆ ಸುಳ್ಳು ಹೊತ್ತಿಗೆ ಬರೆಸಿದ ವಸಿಷ್ಠನ ಜಾತಕವನ್ನು ನನ್ನದರ ಪಕ್ಕ ಇಟ್ಟುಕೊಂಡು, ಮೂರು ದಿನ ಗುಣಿಸಿ ಭಾಗಿಸಿ ನನ್ನನ್ನು ಈ ಮನೆಗೆ ತಂದವರು ಮಾವನೇ.

ಫೋನಿನಲ್ಲಿ ಅವರ ತಮ್ಮ "ಅಣ್ಣಾ? ಹೇಳಣ್ಣಾ" ಎನ್ನುತ್ತಿದ್ದರು.

"ಇದಕ್ಕೂ ಹನ್ನೊಂದು ಐವತ್ತು ಅಂತ್ಲೇ ಬರ್ಕೊಳ್ಳಿ" ಎಂದರು ಅತ್ತೆ.

ಮಾವ ಫೋನ್ ಕಟ್ ಮಾಡಿ ಕುರ್ಚಿಯಲ್ಲಿ ಕುಸಿದರು. ನಾನು ಇನ್ನೂ ಸ್ವಿಚ್ಚಿಗೆ ಬೆನ್ನು ಕೊಟ್ಟೇ ನಿಂತಿದ್ದೆ.