ಬಿಸಿ ನೀರಲ್ಲಿ ಕಲಸಿದ ಪುಡಿ

"ತೊಟ್ಟಿಗೆ ಕೈ ಇಟ್ಯೇನೇ, ಮುಂಡೆ? ಕಡಿದು ನಾಯಿಗೆ ಹಾಕ್ತೀನಿ."

ಶೇಖ್ ಗಾಲಿಬನ ಮೇಸ್ತ್ರಿ ಹಮೂದ್ ಮೇಲಿನಿಂದ ಕೂಗಿದ. ನಾನಿನ್ನೂ ಮೆಟ್ಟಿಲ ಮೇಲೇ ಇದ್ದೆ. ಬಂಡೆ ಕೊರೆದು ಮಾಡಿದ ಹಳೇ ತೊಟ್ಟಿ ಅದು. ಮೇಲೆ ಕಲ್ಲಿನ ಮಾಡು, ಒಳಗೆ ಕಡುಬೇಸಿಗೆಯಲ್ಲೂ ತಣ್ಣನೆ ನೀರು. ಊರ ಕತ್ತೆಗಳು ಅಲ್ಲೇ ಕುಡಿಯುತ್ತವೆ. ಊರ ಕಸ ಬಳಿಯುವ ಖಾದಿಮರು, ಅಂದರೆ ನಾವು, ಮುಟ್ಟುವಂತಿಲ್ಲ.

"ಕುಡಿಯಾಕಲ್ಲ ಧಣಿ, ಪುಡಿಗೆ. ಬಿಸಿ ನೀರಲ್ಲಿ ಕಲಸಿದ್ರೆ ತೂತಿಂದ ಎಗರ್ತದೆ."

"ಡ್ರಮ್ಮಲ್ಲಿ ನೀರಿಲ್ವಾ?"

ಇತ್ತು. ಬಿಸಿಲಿಗೆ ಕಾದು ಕೈ ಸುಡುತ್ತಿತ್ತು. ಅದನ್ನೇ ಹೊತ್ತೆ.

ಶೇಖನ ಮನೆ ಹಿಂದಿನ ಬಂಡೆ ತೆಗೆದು, ಮಗನ ಮದುವೆಯೊಳಗೆ ಹೊಸ ಪಡಸಾಲೆ ಏಳಬೇಕಿತ್ತು. ಓಣಿ ಕತ್ತೆಗೇ ಇಕ್ಕಟ್ಟು, ಯಂತ್ರ ಹತ್ತುವುದಿಲ್ಲ. ಮದ್ದು ಸಿಡಿಸಿದರೆ ಮನೆಯೇ ಬಿರುಕು ಬಿಡುತ್ತದೆ. ಅದಕ್ಕೇ ಈ ಬೂದು ಪುಡಿ. ಬಂಡೆಗೆ ಸಾಲಾಗಿ ತೂತು ಕೊರೆದು, ಗಂಜಿಯ ಹಾಗೆ ಕಲಸಿ ಸುರಿದರೆ ಒಳಗೇ ಉಬ್ಬಿ, ಮಾರನೆಯ ದಿನದೊಳಗೆ ಬಂಡೆಯನ್ನು ಸದ್ದಿಲ್ಲದೆ ಸೀಳುತ್ತದೆ. ಆ ಕೆಲಸ ನನ್ನ ತಮ್ಮ ಜುಮಾನನದು.

ಅವನು ತೂತು ತುಂಬಿ ಗೋಣಿ ಹೊದಿಸುವಷ್ಟರಲ್ಲಿ ಶೇಖ ಬಂದ. ದವಡೆಯಲ್ಲಿ ಅಮಲೇರಿಸುವ ಕಾತ್ ಎಲೆಯ ಉಂಡೆ.

"ಏನೋ ಖಾದಿಮ, ಇನ್ನೂ ಸೀಳಿಲ್ಲ?"

"ನಾಳೆ ತನಕ ತಡೀರಿ ಧಣಿ."

"ಗೋಣಿ ತೆಗ್ದು ಬಗ್ಗಿ ನೋಡೋ."

"ತುಂಬಿದ ತೂತು ಬಗ್ಗಿ ನೋಡಬಾರ್ದು ಧಣಿ."

"ನಂಗೇ ಪಾಠ ಹೇಳ್ತೀಯಾ, ನಾಯಿಗೆ ಹುಟ್ಟಿದೋನೇ?"

ಶೇಖ ಕೋಲಿನ ತುದಿಯಿಂದ ಅವನ ಕತ್ತು ಒತ್ತಿದ. ಜುಮಾನ್ ಬಗ್ಗಿದ. ಬುಸ್ಸೆಂದು ಸದ್ದಾಯಿತು, ಕುದಿಯುವ ಗಂಜಿ ಎರಡೂ ಕಣ್ಣಿಗೆ ಎರಚಿತು.

ಡ್ರಮ್ಮು ಬರಿದಾಗಿತ್ತು. ನಾನು ತಮ್ಮನನ್ನು ತೊಟ್ಟಿಗೆ ಎಳೆದುಕೊಂಡು ಓಡಿದೆ. ಅಡ್ಡ ಬಂದ ಹಮೂದನ ಮುಂಗೈ ಕಚ್ಚಿದೆ. ತಮ್ಮನ ತಲೆಯನ್ನು ನೀರಿಗೆ ಅದ್ದಿ ಹಿಡಿದೆ, ಎತ್ತಿದೆ, ಮತ್ತೆ ಅದ್ದಿದೆ.

"ಬಿಡಕ್ಕಾ, ಕೊಂದಾಕ್ತಾರೆ."

"ಕಣ್ಣು ಬಿಡೋ. ಬಿಡೋ ಕಣ್ಣು."

ಬಿಟ್ಟ. ಒಳಗೆ ಸುಣ್ಣದ ಗೋಡೆಯ ಬಿಳುಪು.

ಮಾರನೆಯ ದಿನ ಬಂಡೆ ಸೀಳಿತ್ತು. ಹಮೂದ್ ನಮ್ಮ ತಗಡಿನ ಗುಡಿಸಲಿನಿಂದ ದೂರ ನಿಂತು ಹೇಳಿದ: "ತೊಟ್ಟಿ ಕೆಟ್ಟೋಯ್ತು. ಧಣಿ ಛಾವಣಿ ಮ್ಯಾಲೆ ಹೊಸ ಟ್ಯಾಂಕ್ ಇಡಿಸ್ತಾರೆ. ಇದನ್ನ ಒಡೀಬೇಕು. ಮುಟ್ಟಿದೋರು ನೀವು, ನೀವೇ ಒಡೀರಿ."

ನಾಯಿ ಮೂಸಿದ ತಟ್ಟೆ ತೊಳಿ, ಖಾದಿಮ ಮುಟ್ಟಿದ ತಟ್ಟೆ ಒಡಿ. ನಮ್ಮೂರಿನ ಗಾದೆ.

"ಒಡಿಯಾಕಿಲ್ಲ," ಅಂದೆ. "ನಿಮಗೆ ಬ್ಯಾಡಾದ್ಮ್ಯಾಕೆ ಅದು ನಮ್ದು."

ಹಮೂದ್ ಉಗಿದು ಹೋದ. ನಾನು ತಮ್ಮನ ಕೈ ಹಿಡಿದು ಹೊರಟೆ. ಗುಡಿಸಲುಗಳ ಮುಂದೆ ನಿಂತು ನಮ್ಮವರನ್ನೆಲ್ಲ ತೊಟ್ಟಿಗೆ ಕರೆದೆ. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.

ಇಬ್ಬರೇ ತೊಟ್ಟಿಯೊಳಗೆ ಇಳಿದು, ನೀರಿನಂಚಿನ ಮೆಟ್ಟಿಲ ಮೇಲೆ ಕೂತೆವು. ನಿನ್ನೆ ತೊಳೆದ ಬೂದು ಪುಡಿಯೆಲ್ಲ ತಳ ಸೇರಿತ್ತು. ಜುಮಾನ್ ಬೊಗಸೆಯಲ್ಲಿ ಕುಡಿದ.

"ಹಲ್ಲು ಜುಮ್ ಅಂತದೆ ಅಕ್ಕ."

ತಲೆಯ ಮೇಲೆ, ಕಲ್ಲಿನ ಮಾಡಿನಲ್ಲಿ ಡ್ರಿಲ್ಲು ಶುರುವಾಯಿತು; ನಾವು ಒಡೆಯದ್ದನ್ನು ಹಮೂದನೇ ಒಡೆಯಲು ಬಂದಿದ್ದ. ಸುಮಾರು ಹೊತ್ತಿನ ಮೇಲೆ ನಿಂತಿತು. ಜುಮಾನ್ ಮುಖ ಎತ್ತಿದ.

"ಯಾವ ನೀರಲ್ಲಿ ಕಲಸ್ತಾವ್ರೆ?"

ಇಣುಕಿದೆ. ನಾವು ಮುಟ್ಟಿದ ನೀರನ್ನು ಹಮೂದ್ ಮುಟ್ಟುತ್ತಾನೆಯೇ? ಮತ್ತೆ ತುಂಬಿಸಿ ಬಿಸಿಲಲ್ಲಿಟ್ಟಿದ್ದ ಡ್ರಮ್ಮಿನಿಂದಲೇ ಮೊಗೆಯುತ್ತಿದ್ದ. ಕಲಸಿ ಸುರಿದು, ತೂತಿನ ಮೇಲೆ ಬಗ್ಗಿ ನೋಡುತ್ತಿದ್ದ.

"ಡ್ರಮ್ಮಿಂದು," ಅಂದೆ. "ಬಗ್ಗಬ್ಯಾಡ ಅಂತ ಹೇಳ್ಲೇನೋ?"

ಜುಮಾನ್ ಇನ್ನೊಂದು ಬೊಗಸೆ ತುಂಬಿ ನನ್ನ ಕಡೆ ಚಾಚಿದ. ನನ್ನ ಬಾಯಿ ಎಲ್ಲಿದೆಯೆಂದು ಅವನಿಗೆ ತಿಳಿಯಲಿಲ್ಲ.

"ನೀರು ಕುಡಿ ಅಕ್ಕ," ಅಂದ.